ಒಂಬತ್ತು ಚುಕ್ಕಿಯ ನೋಟ್‌ಬುಕ್ಕು, ಹ್ಯಾಕ್ ಆಗದ ಫೋನು

ಹೋದ ಶ್ರಾವಣದಲ್ಲಿ ಟೊಮೆಟೊ ಮಂಡಿಯ ಸಾಹುಕಾರರೊಬ್ಬರು ನನ್ನ ಅಂಗಡಿಗೆ ಬಂದರು. ಶರ್ಟಿನ ಒಳಜೇಬಿನಿಂದ ಕರ್ಚೀಫಿನಲ್ಲಿ ಸುತ್ತಿದ್ದ ಫೋನು ತೆಗೆದು ಕೌಂಟರ್ ಮೇಲೆ ಇಟ್ಟರು. ಚಿನ್ನ ಅಡ ಇಡೋಕೆ ಬಂದವರ ಹಾಗೆ ಒಂದು ಸಲ ಹಿಂದೆ ತಿರುಗಿ ನೋಡಿದರು.

“ಏನಪ್ಪಾ, ಇದಕ್ಕೊಂದು ಟೆಂಪರ್ಡ್ ಹಾಕು. ಬೇರೆ ಏನೂ ಮುಟ್ಟಬೇಡ.”

“ಯಾವ ಫೋನಣ್ಣಾ ಇದು?”

“ಇದು ಹ್ಯಾಕ್ ಆಗಲ್ಲ. ಯಾರೂ ಕದ್ದು ಕೇಳೋಕಾಗಲ್ಲ. 48 ಸಾವಿರ.”

ಬೆಲೆಯನ್ನು ಮಾತ್ರ ಜೋರಾಗಿ ಹೇಳಿದರು.

ಕೋಲಾರದ ಕ್ಲಾಕ್ ಟವರ್ ಹತ್ತಿರದ ಒಂದು ಗಲ್ಲಿಯಲ್ಲಿ ನನ್ನದು ಮೊಬೈಲ್ ರಿಪೇರಿ ಅಂಗಡಿ. 17 ವರ್ಷ ಆಯಿತು. ಈ ಸಾಹುಕಾರರು ಹಳೇ ಗಿರಾಕಿ. ಅವರ ಫೋನುಗಳಿಗೆ ಎಷ್ಟು ಡಿಸ್‌ಪ್ಲೇ ಹಾಕಿದ್ದೇನೋ ಲೆಕ್ಕವಿಲ್ಲ. ಕ್ರೇಟು ಎತ್ತಿ ಇಳಿಸುವ ಜಾಗದಲ್ಲಿ ಫೋನು ಬಾಳೋದು ಕಷ್ಟ. ಹಳೇ ಫೋನಿಗೆ ಏನಾಯಿತು ಅಂತ ಕೇಳಿದೆ. ಮೇಲಿನ ಜೇಬು ತಟ್ಟಿ ತೋರಿಸಿದರು. ಅದು ಅಲ್ಲೇ ಇತ್ತು.

ಅವರ ಸಂಕಟ ಏನು ಅಂದರೆ ರೇಟು ಹೊರಗೆ ಹೋಗುತ್ತಿದೆ. ಎಪಿಎಂಸಿಯಲ್ಲಿ ಹರಾಜು ಎಲ್ಲರ ಮುಂದೆಯೇ ನಡೆಯುತ್ತದೆ. 15 ಕೆಜಿ ಬಾಕ್ಸು ಇವತ್ತು ಎಷ್ಟಕ್ಕೆ ಹೋಯಿತು ಅನ್ನೋದು ಸ್ವಲ್ಪ ಹೊತ್ತಿಗೆ ಊರಿಗೆಲ್ಲ ಗೊತ್ತು. ಅದು ಗುಟ್ಟಲ್ಲ. ಹೊರ ರಾಜ್ಯದ ಪಾರ್ಟಿಗೆ ನಾನು ಎಷ್ಟು ಹೇಳಿದೆ, ಎಷ್ಟು ಲೋಡು ಒಪ್ಪಿಕೊಂಡೆ ಅನ್ನೋದು ಗುಟ್ಟು. ಮೂರು ಸಲ ಇವರು ಹೇಳಿದ ರೇಟಿಗಿಂತ 20 ರೂಪಾಯಿ ಕಮ್ಮಿಗೆ ಪಕ್ಕದ ಮಂಡಿಯವರು ಅದೇ ಪಾರ್ಟಿಗೆ ಹೇಳಿದರಂತೆ. 20 ರೂಪಾಯಿ ಸಣ್ಣದು ಅನಿಸಬಹುದು. ಸಾವಿರ ಬಾಕ್ಸಿನ ಲೋಡಿಗೆ ಅದೇ 20 ಸಾವಿರ. 2023ರ ಜುಲೈನಲ್ಲಿ ಬಾಕ್ಸು 2 ಸಾವಿರ ದಾಟಿದ್ದನ್ನು ನೋಡಿದ ಊರು ಇದು. ಇಲ್ಲಿ ಟೊಮೆಟೊ ರೇಟಿಗೆ ಮನುಷ್ಯರ ನಿದ್ದೆ ಹೋಗುತ್ತದೆ.

ಟೆಂಪರ್ಡ್ ಹಾಕುವ ಮೊದಲು ಫೋನು ಆಫ್ ಮಾಡಿ ಒರೆಸೋದು ನನ್ನ ಅಭ್ಯಾಸ. ಒರೆಸಿ ಅಂಟಿಸಿ ಮತ್ತೆ ಆನ್ ಮಾಡಿದೆ. ಪರದೆ ಮೇಲೆ ಕಿತ್ತಳೆ ಬಣ್ಣದ ಎಚ್ಚರಿಕೆ ಬಂತು. ಬೂಟ್‌ಲೋಡರ್ ಅನ್‌ಲಾಕ್ ಆಗಿದೆ, ಒಳಗಿನ ಸಾಫ್ಟ್‌ವೇರಿಗೆ ಗ್ಯಾರಂಟಿ ಇಲ್ಲ ಅಂತ. ಬೂಟ್‌ಲೋಡರ್ ಅಂದರೆ ಫೋನು ಆನ್ ಮಾಡಿದಾಗ ಮೊದಲು ಎದ್ದು ಉಳಿದ ಸಾಫ್ಟ್‌ವೇರನ್ನು ಎಬ್ಬಿಸುವ ಭಾಗ.

ಅದು ಗೂಗಲ್‌ನ ಪಿಕ್ಸೆಲ್ 6ಎ. ಪಿಕ್ಸೆಲ್‌ನಲ್ಲಿ ಈ ಎಚ್ಚರಿಕೆ ನೋಡಿದರೆ ಅರ್ಧ ಕಥೆ ಗೊತ್ತಾಗುತ್ತದೆ. ಕಂಪನಿಯ ಸಾಫ್ಟ್‌ವೇರೇ ಇದ್ದು ಬೀಗ ಹಾಕಿದ್ದರೆ ಏನೂ ಬರುವುದಿಲ್ಲ. ಬೇರೆ ಓಎಸ್ (ಫೋನು ನಡೆಸುವ ಮೂಲ ಸಾಫ್ಟ್‌ವೇರು) ಹಾಕಿ, ಅದರದೇ ಕೀ ಕೊಟ್ಟು ಮತ್ತೆ ಬೀಗ ಹಾಕಿದ್ದರೆ ಹಳದಿ. ಬೀಗವೇ ಹಾಕಿಲ್ಲದಿದ್ದರೆ ಕಿತ್ತಳೆ. ಹಳದಿ ಅಂದರೆ ಮನೆಗೆ ಬೇರೆಯವರು ಬಂದಿದ್ದಾರೆ, ಆದರೆ ಬಾಗಿಲು ಹಾಕಿಕೊಂಡಿದ್ದಾರೆ. ಕಿತ್ತಳೆ ಅಂದರೆ ಬಾಗಿಲು ತೆರೆದೇ ಇದೆ, ಯಾರು ಬೇಕಾದರೂ ಬಂದು ಒಳಗಿನ ಸಾಮಾನು ಬದಲಾಯಿಸಿ ಹೋಗಬಹುದು.

“ಅದು ಹಾಗೇ ಬರುತ್ತೆ, ತಲೆ ಕೆಡಿಸ್ಕೋಬೇಡಿ ಅಂದ ಮಾರಿದವನು” ಅಂದರು ಸಾಹುಕಾರರು.

ಸೆಟ್ಟಿಂಗ್ಸ್ ತೆಗೆದು ಸೆಕ್ಯೂರಿಟಿ ಪ್ಯಾಚ್, ಅಂದರೆ ಕೊನೆಯ ಸಲ ತೂತು ಮುಚ್ಚಿದ ಅಪ್‌ಡೇಟಿನ ತಾರೀಖು ತೋರಿಸಿದೆ. 14 ತಿಂಗಳು ಹಳೆಯದು. ಇನ್ನೂ ಒಂದು ವಿಷಯ ಹೇಳಲೋ ಬೇಡವೋ ಅಂತ ಯೋಚಿಸಿದೆ. ಕೊನೆಗೆ ಹೇಳಿಬಿಟ್ಟೆ. ಈ ಮಾಡೆಲ್ 2022ರ ಜುಲೈನಲ್ಲಿ ಭಾರತಕ್ಕೆ ಬಂದಾಗ, ಡಬ್ಬಿ ಒಡೆಯದ ಹೊಸದರ ಬೆಲೆಯೇ 43,999. ಇವರು ಸೆಕೆಂಡ್ ಹ್ಯಾಂಡಿಗೆ 48 ಕೊಟ್ಟಿದ್ದಾರೆ. ಸಾಹುಕಾರರು ಟೊಮೆಟೊ ಕೊಳೆತಿದೆ ಅಂತ ಫೋನು ಬಂದಾಗ ಮಾಡುವ ಮುಖ ಮಾಡಿದರು. ಆಮೇಲೆ ಸ್ಟೂಲ್ ಎಳೆದುಕೊಂಡು ಕೂತರು.

ಹೀಗೆ ಮೋಸ ಹೋದವರಲ್ಲಿ ಇವರೇ ಮೊದಲಲ್ಲ. 2021ರಲ್ಲಿ ಅಮೆರಿಕದಲ್ಲಿ ‘ಫ್ರೀಡಂ ಫೋನ್’ ಅಂತ ಒಂದು ಬಂತು. ದೊಡ್ಡ ಕಂಪನಿಗಳ ಕಣ್ಣಿಂದ ಬಿಡುಗಡೆ ಅಂತ ಹೇಳಿ 500 ಡಾಲರಿಗೆ ಮಾರಿದರು. ನೋಡಿದರೆ ಅದು ಚೀನಾದ ಯುಮಿಡಿಜಿ ಕಂಪನಿ ಮಾಡಿದ್ದು, 120 ಡಾಲರ್ ಆಸುಪಾಸಿನ ಫೋನಿಗೆ ಹೊಸ ವೇಷ. ಇದು ಬರೀ ದುಡ್ಡಿನ ಮೋಸ. ಇದಕ್ಕಿಂತ ಭಾರಿ ಕಥೆ ಅನಾಮ್ ಫೋನಿನದು. ಅದನ್ನು ಸಾಹುಕಾರರಿಗೆ ಅವತ್ತೇ ಹೇಳಿದೆ, ಅವರು ಟೀ ಆರೋವರೆಗೂ ಕೇಳಿದರು.

ಅನಾಮ್ ಗುಟ್ಟಿನ ಫೋನು. ಅಂಗಡಿಯಲ್ಲಿ ಸಿಗುತ್ತಿರಲಿಲ್ಲ, ಪರಿಚಯದವರ ಮೂಲಕ ಮಾತ್ರ. ಒಳಗೆ ಒಂದು ಕ್ಯಾಲ್ಕುಲೇಟರ್. ಅದರಲ್ಲಿ ಗುಟ್ಟಿನ ನಂಬರ್ ಒತ್ತಿದರೆ ಮೆಸೇಜಿನ ಪೆಟ್ಟಿಗೆ ತೆರೆಯುತ್ತಿತ್ತು. ಡ್ರಗ್ಸ್ ಸಾಗಿಸುವವರೆಲ್ಲ ಮುಗಿಬಿದ್ದರು. ಸುಮಾರು 12 ಸಾವಿರ ಫೋನುಗಳು, ನೂರಕ್ಕೂ ಜಾಸ್ತಿ ದೇಶಗಳು. 2021ರ ಜೂನ್‌ನಲ್ಲಿ ಗೊತ್ತಾಯಿತು, ಆ ಫೋನಿನ ವ್ಯವಹಾರವನ್ನು ಹಿಂದೆ ನಿಂತು ನಡೆಸಿದ್ದು ಅಮೆರಿಕದ ಎಫ್‌ಬಿಐ. ಆಸ್ಟ್ರೇಲಿಯಾ ಪೊಲೀಸರೂ ಜೊತೆಗಿದ್ದರು. 800ಕ್ಕೂ ಹೆಚ್ಚು ಜನ ಅರೆಸ್ಟ್ ಆದರು. ಪೊಲೀಸರು ಓದಿದ ಮೆಸೇಜು 2.7 ಕೋಟಿ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು ಅಷ್ಟೇ.

ಡ್ರಗ್ಸ್ ಮಾರುವವರ ಮೇಲೆ ನನಗೆ ಕನಿಕರ ಇಲ್ಲ. ಆದರೆ ರಿಪೇರಿಯವನಾಗಿ ನನಗೆ ಕುತೂಹಲ ಹುಟ್ಟಿಸಿದ್ದು ಅದು ಕೆಲಸ ಮಾಡಿದ ರೀತಿ. ಆ ಫೋನಿನ ಎನ್‌ಕ್ರಿಪ್ಷನ್ ಸುಳ್ಳಲ್ಲ. ಮೆಸೇಜಿಗೆ ಬೀಗ ನಿಜವಾಗಿಯೂ ಬೀಳುತ್ತಿತ್ತು. ಕಳಿಸಿದವನ ಹತ್ತಿರ ಒಂದು ಬೀಗದ ಕೈ, ಪಡೆದವನ ಹತ್ತಿರ ಒಂದು. ಗೊತ್ತಿಲ್ಲದ ಹಾಗೆ ಪ್ರತಿ ಮೆಸೇಜಿನ ಇನ್ನೊಂದು ಪ್ರತಿ ಪೊಲೀಸರಿಗೆ ಹೋಗುತ್ತಿತ್ತು, ಅದರ ಬೀಗದ ಕೈ ಅವರ ಹತ್ತಿರವೇ. ಸರ್ಕಾರಗಳೂ ಇದೇ ಥರ ಬಿದ್ದಿವೆ. ಸ್ವಿಟ್ಜರ್ಲೆಂಡಿನ ಕ್ರಿಪ್ಟೊ ಎಜಿ ಅನ್ನುವ ಕಂಪನಿ ದೇಶದೇಶಗಳಿಗೆ ಗುಟ್ಟಿನ ಯಂತ್ರ ಮಾರುತ್ತಿತ್ತು. ಭಾರತವೂ ಕೊಂಡಿತ್ತು, ಪಾಕಿಸ್ತಾನವೂ ಕೊಂಡಿತ್ತು. ಆ ಕಂಪನಿ 1970ರಿಂದ ಅಮೆರಿಕದ ಸಿಐಎ ಮತ್ತು ಜರ್ಮನಿಯ ಗೂಢಚಾರರ ಕೈಯಲ್ಲಿತ್ತು ಅನ್ನೋದು ಹೊರಬಿದ್ದಿದ್ದು 2020ರಲ್ಲಿ.

ಅದಕ್ಕೇ ‘ಇದು ಗುಟ್ಟಿನ ಫೋನು’ ಅಂತ ಯಾರಾದರೂ ಮಾರೋಕೆ ಬಂದರೆ ನನಗೆ ಮೊದಲು ಬರೋದು ಅನುಮಾನ.

ಹಾಗಂತ ಎಲ್ಲವೂ ಬೊಗಳೆ ಅನ್ನೋಕೆ ಆಗಲ್ಲ. ಸಾಹುಕಾರರ ಒಪ್ಪಿಗೆ ತಗೊಂಡು ಆ ಫೋನಿನ ಒಳಗಿದ್ದದ್ದನ್ನೆಲ್ಲ ಅಳಿಸಿ, ಗ್ರಾಫೀನ್ ಓಎಸ್ ಹಾಕಿದೆ. ಆಂಡ್ರಾಯ್ಡಿನಿಂದಲೇ ಮಾಡಿದ, ಗೂಗಲ್ ಆ್ಯಪುಗಳಿಲ್ಲದ, ಭದ್ರತೆಗೇ ಒತ್ತು ಕೊಡುವ ಓಎಸ್. ಇದು ಬಿಟ್ಟಿ. ಅವರದೇ ವೆಬ್‌ಸೈಟಿನಿಂದ ಬ್ರೌಸರಿನಲ್ಲೇ ಹಾಕಬಹುದು, ಒಂದು ಒಳ್ಳೇ ಕೇಬಲ್ ಇದ್ದರೆ ಸಾಕು. (ಕೇಬಲ್ ಲೂಸ್ ಇದ್ದರೆ ನಡುವೆ ಕೈ ಕೊಡುತ್ತದೆ. ನನಗೆ ಆಗಿದೆ.) ಆಮೇಲೆ ಬೂಟ್‌ಲೋಡರಿಗೆ ಬೀಗ ಹಾಕಿದೆ. ಆನ್ ಮಾಡಿದರೆ ಈಗ ಹಳದಿ. ಅದರ ಕೆಳಗೆ ಅಕ್ಷರ, ಅಂಕಿ ಕಲಸಿದ ಒಂದು ಉದ್ದನೆ ಸಾಲು. ಆ ಸಾಲು ವೆಬ್‌ಸೈಟಿನಲ್ಲಿ 6ಎಗೆ ಕೊಟ್ಟಿರುವ ಸಾಲಿಗೆ ಸರಿಹೊಂದಬೇಕು. ಸಾಹುಕಾರರು ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಓದಿದರು, ನಾನು ಲ್ಯಾಪ್‌ಟಾಪ್ ನೋಡಿ ಹೂಂ ಅಂದೆ. ಮಂಡಿಯಲ್ಲಿ ಬಾಕ್ಸು ಎಣಿಸಿ ಟಿಕ್ ಹಾಕುವ ಹಾಗೆ.

ಗೂಗಲ್‌ನಿಂದ ತಪ್ಪಿಸಿಕೊಳ್ಳೋಕೆ ಗೂಗಲ್‌ನ ಫೋನನ್ನೇ ಕೊಳ್ಳಬೇಕಾ ಅಂತ ನಮ್ಮ ಮನೆಯವಳು ನಕ್ಕಳು. ನಗೋ ವಿಷಯವೇ. ಕಾರಣ ಇಷ್ಟೇ. ಬೇರೆ ಓಎಸ್ ಹಾಕಿ, ಅದರ ಕೀ ಕೊಟ್ಟು, ಮತ್ತೆ ಬೀಗ ಹಾಕೋಕೆ ಪಿಕ್ಸೆಲ್ ಬಿಡುತ್ತದೆ. ಎಷ್ಟೋ ಕಂಪನಿಗಳು ಬೀಗ ತೆಗೆಯೋಕೂ ಬಿಡಲ್ಲ, ಬಿಟ್ಟರೆ ಮತ್ತೆ ಹಾಕೋಕೆ ಬಿಡಲ್ಲ. ಜೊತೆಗೆ ಪಿಕ್ಸೆಲ್ 6ರಿಂದ ಈಚೆಗೆ ಟೈಟಾನ್ ಎಂ2 ಅನ್ನುವ ಬೇರೆಯದೇ ಚಿಪ್ ಇದೆ. ಕದ್ದವನು ಕೂತು ಒಂದೊಂದೇ ಪಿನ್ ಹೊಡೆದು ನೋಡಿದರೆ ಅದು ಕಾಯಿಸಿ ಕಾಯಿಸಿ ಸಾಯಿಸುತ್ತದೆ. ಗ್ರಾಫೀನ್‌ನಲ್ಲಿ ಇನ್ನೊಂದು ನನಗೆ ಇಷ್ಟ. 18 ಗಂಟೆ ಯಾರೂ ಅನ್‌ಲಾಕ್ ಮಾಡದಿದ್ದರೆ ಫೋನು ತಾನೇ ರೀಸ್ಟಾರ್ಟ್ ಆಗಿ ಎಲ್ಲ ಬಾಗಿಲೂ ಹಾಕಿಕೊಳ್ಳುತ್ತದೆ. ಟಾರ್ಚ್ ಆ್ಯಪಿಗೆ ಇಂಟರ್‌ನೆಟ್ ಯಾಕೆ ಬೇಕು? ಅದನ್ನೂ ಆ್ಯಪಿಗೊಂದರಂತೆ ಕಿತ್ತುಹಾಕಬಹುದು.

ಅಲ್ಲಿಗೆ ನಂಬಬಹುದಾ? ಕಣ್ಣಲ್ಲಿ ನೋಡಿ ಪರೀಕ್ಷೆ ಮಾಡಬಹುದಾದಷ್ಟನ್ನು ನಂಬುತ್ತೇನೆ. ಅದರಾಚೆ ನನ್ನ ಕೈಯಲ್ಲಿ ಮೀಟರ್ ಇಲ್ಲ.

ಮೋಡೆಮ್ ಇದೆಯಲ್ಲ, ಟವರಿನ ಜೊತೆ ಮಾತಾಡುವ ಚಿಪ್ಪು, ಅದರೊಳಗೆ ಓಡೋದು ಕಂಪನಿಯ ಮುಚ್ಚಿದ ಸಾಫ್ಟ್‌ವೇರು. ಯಾವ ಓಎಸ್ ಹಾಕಿದರೂ ಅದು ಅದೇ. 2023ರ ಮಾರ್ಚ್‌ನಲ್ಲಿ ಗೂಗಲ್‌ನ ಪ್ರಾಜೆಕ್ಟ್ ಝೀರೊ ತಂಡದವರು ಸ್ಯಾಮ್‌ಸಂಗ್‌ನ ಎಕ್ಸಿನೋಸ್ ಮೋಡೆಮ್‌ಗಳಲ್ಲಿ 18 ತೂತು ಸಿಕ್ಕಿವೆ ಅಂತ ಹೊರಗೆ ಹೇಳಿದರು. ಇಂಥ ತೂತು ಹುಡುಕೋದೇ ಆ ತಂಡದ ಕೆಲಸ. ಅದರಲ್ಲಿ ನಾಲ್ಕು ಎಂಥವು ಅಂದರೆ, ನಿಮ್ಮ ಫೋನ್ ನಂಬರ್ ಗೊತ್ತಿದ್ದರೆ ಸಾಕು, ನೀವು ಏನೂ ಒತ್ತದೆ ಒಳಗೆ ನುಗ್ಗಬಹುದಿತ್ತು. ಪಿಕ್ಸೆಲ್ 6, 7 ಕೂಡ ಆ ಪಟ್ಟಿಯಲ್ಲಿದ್ದವು. ಆಮೇಲೆ ಅಪ್‌ಡೇಟ್‌ನಲ್ಲಿ ಮುಚ್ಚಿದರು. 14 ತಿಂಗಳು ಅಪ್‌ಡೇಟ್ ಕಾಣದ ಫೋನು ನೋಡಿ ನಾನು ಗಾಬರಿ ಆಗಿದ್ದು ಇದಕ್ಕೇ. ಇನ್ನು ಸಿಮ್ಮು. ಅದನ್ನು ನಿಮ್ಮ ಹೆಸರಿನಲ್ಲೇ ಕೊಟ್ಟಿದ್ದಾರೆ. ಅಂತರಗಂಗೆ ಬೆಟ್ಟ ಹತ್ತಿ ಬಂಡೆ ಹಿಂದೆ ಕೂತರೂ ನೆಟ್‌ವರ್ಕ್ ಇದೆ ಅಂದರೆ ಯಾವ ಟವರ್ ಕೆಳಗಿದ್ದೀರಿ ಅಂತ ಅವರ ಲೆಕ್ಕದಲ್ಲಿ ಬೀಳುತ್ತದೆ.

ಗ್ರಾಫೀನ್‌ನ ಕೋಡ್ ಎಲ್ಲರಿಗೂ ತೆರೆದಿದೆ, ಯಾರು ಬೇಕಾದರೂ ನೋಡಬಹುದು ಅಂತಾರೆ. ನಿಜ. ನಾನು ನೋಡಿದೆನಾ? ಇಲ್ಲ. ನೋಡಿದರೂ ತಿಳಿಯಲ್ಲ. 2024ರಲ್ಲಿ ಎಕ್ಸ್‌ಝಡ್ ಅನ್ನುವ, ಲಿನಕ್ಸಿನವರೆಲ್ಲ (ಅದೂ ಕೋಡ್ ತೆರೆದಿಟ್ಟ ಒಂದು ಓಎಸ್) ಬಳಸುವ ಒಂದು ಸಣ್ಣ ತುಣುಕಿನಲ್ಲಿ ಕಳ್ಳಬಾಗಿಲು ಸಿಕ್ಕಿತು. ಇಟ್ಟವನು ವರ್ಷಗಟ್ಟಲೆ ಒಳ್ಳೆಯವನಾಗಿ ಕೆಲಸ ಮಾಡಿ ನಂಬಿಕೆ ಗಳಿಸಿದ್ದ. ಹಿಡಿದದ್ದು ಆಂಡ್ರೆಸ್ ಫ್ರೊಯಿಂಡ್ ಅನ್ನುವ ಎಂಜಿನಿಯರ್. ಲಾಗಿನ್ ಆಗೋಕೆ ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿದೆ, ಯಾಕೆ ಅಂತ ಹಟ ಹಿಡಿದು ಕೂತ.

ಈ ಅರ್ಧ ಸೆಕೆಂಡಿನ ಕಥೆ ಓದಿದ ದಿನ ನನಗೆ ನಿಜವಾಗಲೂ ಖುಷಿಯಾಯಿತು. ಬೋರ್ಡ್ ರಿಪೇರಿ ಮಾಡುವವರಿಗೆ ಅದು ಅರ್ಥವಾಗುತ್ತದೆ. ಸತ್ತ ಫೋನಿನ ಬೋರ್ಡನ್ನು ಪವರ್ ಸಪ್ಲೈಗೆ ಹಾಕುತ್ತೇವೆ. ಪವರ್ ಬಟನ್ ಒತ್ತಿಲ್ಲ. ಕರೆಂಟ್ ತೋರಿಸುವ ಮೀಟರ್ ಸೊನ್ನೆಯಲ್ಲೇ ಇರಬೇಕು. 0.04 ಅಂತ ತೋರಿಸಿದರೆ ಮುಗೀತು, ಎಲ್ಲೋ ಲೀಕ್ ಇದೆ. ಸಾಸಿವೆಗಿಂತ ಸಣ್ಣ ಕೆಪಾಸಿಟರ್ ಎಲ್ಲೋ ಕರೆಂಟ್ ಕುಡಿಯುತ್ತಾ ಕೂತಿದೆ. ಸುಮಾರು ಹುಡುಗರು ಆ 0.04 ನೋಡಿಯೂ ನೋಡದ ಹಾಗೆ ಹೊಸ ಬ್ಯಾಟರಿ ಹಾಕಿ ಕಳಿಸುತ್ತಾರೆ. ಗಿರಾಕಿ ವಾರದಲ್ಲಿ ವಾಪಸ್ ಬರುತ್ತಾನೆ.

ನರಸಾಪುರದ ಕಡೆ ಕೆಲಸಕ್ಕೆ ಹೋಗುವ ಹುಡುಗ ಹುಡುಗಿಯರು ನನ್ನ ಅಂಗಡಿಗೆ ಬರುತ್ತಾರೆ. ಅಲ್ಲಿ ಐಫೋನ್ ಜೋಡಿಸುವ ಫ್ಯಾಕ್ಟರಿಯೇ ಇದೆ, ವಿಸ್ಟ್ರಾನ್‌ನವರದ್ದು 2023ರಲ್ಲಿ ಟಾಟಾದವರ ಕೈಗೆ ಬಂತು. ಆ ಕಡೆಯ ಕೆಲವು ಗೇಟುಗಳಲ್ಲಿ ಫೋನಿನ ಕ್ಯಾಮೆರಾ ಮೇಲೆ ಸ್ಟಿಕ್ಕರ್ ಅಂಟಿಸುತ್ತಾರಂತೆ. ಗೋಂದು ಲೆನ್ಸಿಗೆ ಹಿಡಿದು ಫೋಟೊ ಮಸುಕು. ನಾನು ಹತ್ತಿಯನ್ನು ಐಪಿಎ ಅನ್ನುವ ಕ್ಲೀನಿಂಗ್ ಆಲ್ಕೋಹಾಲಿನಲ್ಲಿ ಅದ್ದಿ ಒರೆಸಿ ಕೊಡುತ್ತೇನೆ, ದುಡ್ಡು ತಗೊಳ್ಳಲ್ಲ. ನೋಡಿ, ಸ್ಟಿಕ್ಕರ್ ಅಂಟಿಸಿದ್ದು ಕಣ್ಣಿಗೆ ಕಾಣುತ್ತದೆ. ಮೈಕ್ ಆಫ್ ಆಗಿದೆ ಅಂತ ಸೆಟ್ಟಿಂಗ್ಸ್ ಹೇಳಿದರೆ ಅದು ಬಾಯಿಮಾತು. ಪ್ಯೂರಿಸಂ ಕಂಪನಿಯ ಲಿಬ್ರೆಮ್ 5 ಫೋನಿನಲ್ಲಿ ಪಕ್ಕದಲ್ಲೇ ಮೂರು ಸ್ವಿಚ್ಚು ಇಟ್ಟಿದ್ದಾರೆ. ಒಂದು ಕ್ಯಾಮೆರಾ ಮತ್ತು ಮೈಕಿಗೆ, ಒಂದು ವೈಫೈ ಬ್ಲೂಟೂತಿಗೆ, ಒಂದು ಮೋಡೆಮಿಗೆ. ಕರೆಂಟನ್ನೇ ಕಡಿಯುವ ಸ್ವಿಚ್ಚು. ಆ ಯೋಚನೆ ನನಗೆ ಬಹಳ ಹಿಡಿಸಿತು. ಆದರೆ ದಪ್ಪ, ದುಬಾರಿ, ಮತ್ತು ನಮ್ಮ ಯುಪಿಐ ಆ್ಯಪಿಗೆ ಅದು ಫೋನೇ ಅಲ್ಲ.

ಈಗ ನನ್ನ ಕಡೆಯ ಮಾತು. ಇದನ್ನು ಬರೆಯೋಕೆ ಕೂತಿದ್ದೇ ಇದಕ್ಕೆ.

ನನ್ನ ಅಂಗಡಿಯಲ್ಲಿ ಒಂದು ನೋಟ್‌ಬುಕ್ ಇತ್ತು. ಇನ್ನೂರು ಪುಟದ್ದು, ಮುಗಿದ ಹಾಗೆ ಹೊಸದು. ಗಿರಾಕಿಯ ಹೆಸರು, ನಂಬರ್, ಮಾಡೆಲ್, ಏನು ತೊಂದರೆ. ಅದರ ಪಕ್ಕದಲ್ಲಿ ಒಂಬತ್ತು ಚುಕ್ಕಿ. ಗಿರಾಕಿಯೇ ಪೆನ್ನು ತಗೊಂಡು ಚುಕ್ಕಿ ಮೇಲೆ ಗೆರೆ ಎಳೆದು ಪ್ಯಾಟರ್ನ್ ತೋರಿಸುತ್ತಿದ್ದರು, ರಂಗೋಲಿ ಹಾಕಿದ ಹಾಗೆ. ಜಾಸ್ತಿ ಜನರದ್ದು ಇಂಗ್ಲಿಷಿನ ಎಲ್ ಅಥವಾ ಝಡ್. ಪಿನ್ ಇದ್ದವರದ್ದು ಹುಟ್ಟಿದ ವರ್ಷ. ಎಷ್ಟೋ ಜನಕ್ಕೆ ಯುಪಿಐ ಪಿನ್ನೂ ಅದೇ ಇರುತ್ತದೆ ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಕೌಂಟರ್ ಮೇಲೆ ತೆರೆದೇ ಬಿದ್ದಿರುತ್ತಿತ್ತು ಆ ಪುಸ್ತಕ.

ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ ಕೇಸು ಹಾಕಿದಾಗ ಅವರಿಗೆ 86 ವರ್ಷ. ಆ ತೀರ್ಪು ಬಂದ ದಿನವೂ ನನ್ನ ಪುಸ್ತಕದಲ್ಲಿ ಗೆರೆಗಳು ಬಿದ್ದಿರುತ್ತವೆ.

ಐದಾರು ವರ್ಷದ ಹಿಂದೆ ಒಬ್ಬ ಹುಡುಗ ನನ್ನ ಹತ್ತಿರ ಕೆಲಸ ಕಲಿಯುತ್ತಿದ್ದ. ಕೈ ಚೆನ್ನಾಗಿತ್ತು. ಒಂದು ಮಧ್ಯಾಹ್ನ ಊಟ ಮುಗಿಸಿ ಬಂದರೆ, ಡಿಸ್‌ಪ್ಲೇ ಹಾಕೋಕೆ ಕೊಟ್ಟಿದ್ದ ಒಬ್ಬ ಹೆಣ್ಣುಮಗಳ ಫೋನಿನಲ್ಲಿ ಗ್ಯಾಲರಿ ತೆಗೆದು ಬೆರಳಾಡಿಸುತ್ತಿದ್ದ. “ಟಚ್ ಚೆಕ್ ಮಾಡ್ತಿದ್ದೆ ಅಣ್ಣಾ” ಅಂದ. ಟಚ್ ಚೆಕ್ ಮಾಡೋಕೆ ಗ್ಯಾಲರಿ ಬೇಡ. ಡಯಲರ್ ತೆಗೆದರೆ ಸಾಕು. ಅವತ್ತೇ ಲೆಕ್ಕ ಮುಗಿಸಿ ಕಳಿಸಿದೆ. ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡಲ್ಲ ಅಂತ ಗಾದೆ ಇದೆ. ಅಕ್ಕಸಾಲಿಗರು ಬೇಜಾರು ಮಾಡ್ಕೋಬೇಡಿ, ಅವತ್ತು ಆ ಗಾದೆ ನಮ್ಮ ಕಸುಬಿಗೇ ಹೇಳಿದ ಹಾಗಿತ್ತು. ಸಂಜೆ ಆ ಹೆಣ್ಣುಮಗಳು ಬಂದರು, ದುಡ್ಡು ಕೊಟ್ಟರು, ಥ್ಯಾಂಕ್ಸ್ ಹೇಳಿದರು. ನಾನು ಏನೂ ಹೇಳಲಿಲ್ಲ. ಹೇಳಬೇಕಿತ್ತು.

ನೋಟ್‌ಬುಕ್ಕುಗಳನ್ನು ಆ ವಾರವೇ ಮನೆ ಹಿಂದೆ ಹಂಡೆ ಒಲೆಗೆ ಹಾಕಿದೆ. ಈಗ ಪಿನ್ ಕೇಳಲ್ಲ. ಸ್ಯಾಮ್‌ಸಂಗ್‌ನಲ್ಲಿ ಮೇಂಟೆನೆನ್ಸ್ ಮೋಡ್ ಅಂತ ಇದೆ, ಪಿಕ್ಸೆಲ್‌ನಲ್ಲಿ 2023ರ ಡಿಸೆಂಬರಿನಿಂದ ರಿಪೇರಿ ಮೋಡ್ ಬಂದಿದೆ. ಅದನ್ನು ಆನ್ ಮಾಡಿ ಕೊಟ್ಟರೆ ರಿಪೇರಿಯವನಿಗೆ ಖಾಲಿ ಫೋನು ಕಾಣುತ್ತದೆ, ನಿಮ್ಮ ಫೋಟೊ ಮೆಸೇಜು ಏನೂ ಕಾಣಲ್ಲ. ನಾನೇ ಹೇಳಿ ಮಾಡಿಸುತ್ತೇನೆ. ಅದಿಲ್ಲದ ಫೋನಾದರೆ ಎದುರಿಗೇ ಕೂರಿಸಿಕೊಂಡು ಮಾಡುತ್ತೇನೆ. ನೂರರಲ್ಲಿ ತೊಂಬತ್ತು ಜನಕ್ಕೆ ಇದು ತಲೆನೋವು. “ಅಯ್ಯೋ ಪಿನ್ ತಗೊಳ್ಳಪ್ಪಾ, ನಂದೇನಿದೆ ಅದರಲ್ಲಿ” ಅಂತಾರೆ.

ಸಾಹುಕಾರರ ಕಥೆ ಅರ್ಧಕ್ಕೆ ನಿಂತಿತ್ತು.

ಹೊಸ ಓಎಸ್ ಹಾಕಿದ ಮೇಲೆ ಎರಡು ಯುಪಿಐ ಆ್ಯಪ್ ಓಡಿದವು. ಅವರ ಬ್ಯಾಂಕಿನ ಆ್ಯಪ್ ಮಾತ್ರ ‘ಈ ಫೋನು ಸುರಕ್ಷಿತವಲ್ಲ’ ಅಂತ ಹೇಳಿ ಬಾಗಿಲು ಹಾಕಿತು. ಇಡೀ ಮಧ್ಯಾಹ್ನ ಕೂತು ಬೀಗ ಹಾಕಿದ ನಮಗೆ ಇಬ್ಬರಿಗೂ ನಗು ಬಂತು. ವಾಟ್ಸಾಪ್? ಅದನ್ನು ಹೊಸದಕ್ಕೆ ಹಾಕೋದು ಬೇಡ ಅಂದರು. ಪಾರ್ಟಿಗಳೆಲ್ಲ ಹಳೇ ಫೋನಿನ ವಾಟ್ಸಾಪ್‌ನಲ್ಲೇ ಇದ್ದಾರೆ, ಅವರೆಲ್ಲ ಬೇರೆ ಆ್ಯಪಿಗೆ ಬರಲ್ಲ.

“ಹಾಗಾದ್ರೆ ರೇಟು ಯಾವ ಫೋನಲ್ಲಿ ಹೇಳ್ತೀರಣ್ಣಾ?”

“ಇದರಲ್ಲೇ” ಅಂತ ಮೇಲಿನ ಜೇಬಿನದ್ದನ್ನು ತೆಗೆದರು.

ಅದನ್ನು ತಗೊಂಡು ವಾಟ್ಸಾಪ್‌ನ ಲಿಂಕ್ಡ್ ಡಿವೈಸಸ್ ತೆಗೆದೆ. ಅದೇ ವಾಟ್ಸಾಪ್ ಬೇರೆ ಎಲ್ಲೆಲ್ಲಿ ತೆರೆದಿದೆ ಅಂತ ತೋರಿಸುವ ಪಟ್ಟಿ ಅದು. ಒಂದು ಕಂಪ್ಯೂಟರ್ ಜೋಡಿಸಿತ್ತು. ಕೊನೆಗೆ ಬಳಸಿದ್ದು ಅವತ್ತೇ ಬೆಳಿಗ್ಗೆ. ಯಾರದಣ್ಣಾ ಇದು ಅಂದರೆ, ಸ್ವಲ್ಪ ಹೊತ್ತು ಯೋಚಿಸಿ, ಮಂಡಿ ಆಫೀಸಿನದ್ದು ಅಂದರು. ಬಿಲ್ ಫೋಟೊ ಪ್ರಿಂಟ್ ತೆಗೆಯೋಕೆ ಗುಮಾಸ್ತ ಯಾವಾಗಲೋ ಸ್ಕ್ಯಾನ್ ಮಾಡಿಸಿಕೊಂಡಿದ್ದನಂತೆ. ಆ ಕಂಪ್ಯೂಟರ್ ಮುಂದೆ ಲಾರಿ ಡ್ರೈವರು, ಕಮಿಷನ್ನಿನವರು, ಪಕ್ಕದ ಮಂಡಿಯ ಹುಡುಗರು ಎಲ್ಲರೂ ಫ್ಯಾನ್ ಗಾಳಿಗೆ ಅಂತ ಬಂದು ಕೂರುತ್ತಾರೆ. ರೇಟು ಅಲ್ಲಿಂದಲೇ ಹೋಯಿತು ಅಂತ ನಾನು ಆಣೆ ಮಾಡಲ್ಲ. ಸಾಹುಕಾರರು ಫೋನಿನಲ್ಲಿ ಮಾತಾಡಿದರೆ ಎಪಿಎಂಸಿ ಗೇಟಿನವರೆಗೂ ಕೇಳುತ್ತದೆ, ಅದೂ ಒಂದು ದಾರಿಯೇ. ಲಾಗೌಟ್ ಒತ್ತಿದೆ. ಒಂದು ಸೆಕೆಂಡಿನ ಕೆಲಸ, ದುಡ್ಡು ತಗೊಳ್ಳಲಿಲ್ಲ. ಮಾರಿದವನಿಗೆ ಅಲ್ಲೇ ಫೋನು ಹಚ್ಚಿದರು. ಸ್ವಿಚ್ಡ್ ಆಫ್.

ಈಗಲೂ ಎರಡು ಫೋನು ಇಟ್ಟುಕೊಂಡು ಓಡಾಡುತ್ತಾರೆ. 6ಎ ಒಳಜೇಬಿನಲ್ಲಿ, ಕರ್ಚೀಫಿನ ಸಮೇತ. ಅದಕ್ಕೆ 2027ರ ಜುಲೈವರೆಗೆ ಅಪ್‌ಡೇಟ್ ಬರುತ್ತದೆ ಅಂತ ಹೇಳಿದ್ದೇನೆ. ಮೊಮ್ಮಗಳ ಫೋಟೊಗಳನ್ನೆಲ್ಲ ಅದರಲ್ಲಿ ಇಟ್ಟಿದ್ದಾರಂತೆ.

ಹೋದ ವಾರ ಹಳೇ ಫೋನು ಚಾರ್ಜ್ ಆಗುತ್ತಿಲ್ಲ ಅಂತ ಬಂದರು. ಚಾರ್ಜಿಂಗ್ ಪಿನ್ ಬದಲಾಯಿಸಬೇಕಿತ್ತು, ಅರ್ಧ ಗಂಟೆ ಕೆಲಸ. ಸ್ಟೂಲ್ ಮುಂದೆ ಎಳೆದೆ. “ಕೂತ್ಕೊಳ್ಳಿ ಅಣ್ಣಾ, ನಿಮ್ಮ ಎದುರಿಗೇ ಮಾಡ್ತೀನಿ.”

“ನೀನು ಮಾಡಿಡಪ್ಪಾ” ಅಂದರು. ಪಿನ್ ಹೇಳಿದರು, ಪಕ್ಕದಲ್ಲಿ ಇಬ್ಬರು ಗಿರಾಕಿಗಳು ನಿಂತಿದ್ದರು. “ಟೀ ಕುಡಿದು ಬರ್ತೀನಿ.”